ಮೂವತ್ತು ದಿನ, ಸರಿ. ಆದರೆ ಯಾವತ್ತಿಂದ?

ನಾನಿರುವ ಮಲೇಷ್ಯಾದಲ್ಲಿ ಸರ್ಕಾರಿ ಖರೀದಿಗೆ ಅಂತಲೇ ಒಂದು ಪೂರ್ಣ ಕಾನೂನು ಇರಲಿಲ್ಲ. 1957ರ ಹಣಕಾಸು ಕಾರ್ಯವಿಧಾನ ಕಾಯ್ದೆ, ಅದರ ಮೇಲೆ ಖಜಾನೆಯ ಸುತ್ತೋಲೆಗಳು, ಇಷ್ಟರಲ್ಲೇ ನಡೀತಿತ್ತು. 2025ರ ಆಗಸ್ಟ್ 28ರಂದು ಇಲ್ಲಿನ ಕೆಳಮನೆ ದೇವಾನ್ ರಾಕ್ಯತ್ ಸರ್ಕಾರಿ ಖರೀದಿ ಮಸೂದೆಯನ್ನು ಪಾಸು ಮಾಡಿತು. ಪರ 125, ವಿರೋಧ 63. ಗಲಾಟೆಯೆಲ್ಲ ಸಚಿವರ ಕೈಗೆ ಎಷ್ಟು ಅಧಿಕಾರ ಹೋಯ್ತು ಅನ್ನೋದರ ಸುತ್ತ. ಅದು ನ್ಯಾಯವಾದ ಗಲಾಟೆಯೇ. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ. ಟೆಂಡರ್ ಸೋತವರು ಹೋಗಿ ಕೇಳಬಹುದಾದ ಒಂದು ಮೇಲ್ಮನವಿ ನ್ಯಾಯಮಂಡಳಿ ಈ ಕಾನೂನಿನಲ್ಲಿದೆ. (ಮೇಲ್ಮನವಿ ಅಂದರೆ ಅಪೀಲು.) ಇಂಥ ಬಾಗಿಲು ಕರ್ನಾಟಕದಲ್ಲಿ ಇಪ್ಪತ್ತೈದು ವರ್ಷದಿಂದ ಇದೆ. ಹಾಗಾಗಿ ಅದರ ಚಿಲಕ ಹೇಗಿದೆ ಅಂತ ನೋಡೋಣ ಅನ್ನಿಸಿತು.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಎಲ್ಲರ ಬಾಯಲ್ಲೂ ಕೆಟಿಪಿಪಿ. ಅದರ 16ನೇ ಸೆಕ್ಷನ್ ಪ್ರಕಾರ, ಆದೇಶ ಕೈಗೆ ಬಂದ ದಿನದಿಂದ ಮೂವತ್ತು ದಿನದೊಳಗೆ ಅಪೀಲು ಹಾಕಬೇಕು. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ ಮೂವತ್ತು ದಿನದವರೆಗೆ ಕೊಡಬಹುದು. ಅಪೀಲು ಕೇಳುವ ಅಧಿಕಾರಿ ಅದನ್ನು 'ಸಾಧ್ಯವಾದಷ್ಟು ಮಟ್ಟಿಗೆ' ಮೂವತ್ತು ದಿನದಲ್ಲಿ ಮುಗಿಸಬೇಕು. ಪಕ್ಕದ ತಮಿಳುನಾಡಿನ 1998ರ ಕಾಯ್ದೆಯಲ್ಲಿ ಇದೇ ಗಡುವು ಬರೀ ಹತ್ತು ದಿನ. ಹೊಸೂರಿನ ಕೆಲಸಕ್ಕೆ ಬಿಡ್ ಹಾಕಿದರೆ ಹತ್ತು, ಗಡಿ ದಾಟಿ ಆನೇಕಲ್‌ನಲ್ಲಿ ಹಾಕಿದರೆ ಮೂವತ್ತು. ಕೇಳೋಕೆ ಕರ್ನಾಟಕವೇ ಉದಾರಿ.

ಈಗ ಸ್ವಲ್ಪ ಹಿಂದೆ ಹೋಗಿ 13ನೇ ಸೆಕ್ಷನ್ ಓದಿ. ಟೆಂಡರ್ ಒಪ್ಪಿಕೊಂಡ ಅಧಿಕಾರಿ ಆ ವಿಷಯವನ್ನು ಹೋಲಿಕೆಯ ಪಟ್ಟಿ ಮತ್ತು ಕಾರಣಗಳ ಸಮೇತ ತಿಳಿಸಬೇಕು. ಯಾರಿಗೆ? ಖರೀದಿ ಮಾಡುವ ಇಲಾಖೆಗೆ ಮತ್ತು ಟೆಂಡರ್ ಬುಲೆಟಿನ್ ಅಧಿಕಾರಿಗೆ. ಸೋತವರ ಹೆಸರೇ ಆ ವಾಕ್ಯದಲ್ಲಿಲ್ಲ! ಮೂರು ಸೆಕ್ಷನ್ ಆದಮೇಲೆ ಅದೇ ಸೋತವರಿಗೆ 'ಆದೇಶ ಕೈಗೆ ಬಂದ ದಿನದಿಂದ' ಅಂತ ದಿನ ಎಣಿಸೋಕೆ ಹೇಳುತ್ತೆ. ಬುಲೆಟಿನ್‌ನಲ್ಲಿ ಬಂದರೆ ಕೈಗೆ ಬಂದಂತೆಯೇ? ಪೋರ್ಟಲ್‌ನಲ್ಲಿ ಒಂದು ಸಾಲು ಬದಲಾದರೆ? ಕಾರಣಗಳಿರುವ ಪ್ರತಿ ಕೇಳಿ ಪಡೆದ ದಿನವೇ ಲೆಕ್ಕಕ್ಕೆ ಬರಬೇಕೇ? ನಮ್ಮ ಡೇಟಾ ಕೆಲಸದಲ್ಲಿ ಒಂದು ಘಟನೆಗೆ ಎರಡು ಸಮಯ ಬರೆದಿಡ್ತೀವಿ, ಅದು ನಡೆದ ಹೊತ್ತು ಮತ್ತು ಅದು ನಮಗೆ ತಲುಪಿದ ಹೊತ್ತು. ಎರಡನ್ನೂ ಒಂದೇ ಕಾಲಮ್ಮಿಗೆ ತುಂಬಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತೆ. ಈ ಕಾಯ್ದೆ ಎರಡನೇ ಹೊತ್ತನ್ನು ಕೇಳುತ್ತೆ, ಅದನ್ನು ಬರೆದಿಡೋ ಕೆಲಸ ಮಾತ್ರ ಯಾರಿಗೂ ಕೊಟ್ಟಿಲ್ಲ.

ಇನ್ನೊಂದು ಸಣ್ಣ ಪದಗುಚ್ಛ ಇದೆ, ಓಡಿಸಿಕೊಂಡು ಓದಿದರೆ ತಪ್ಪಿಹೋಗುತ್ತೆ. 'ಸರ್ಕಾರವನ್ನು ಬಿಟ್ಟು' ಬೇರೆ ಅಧಿಕಾರಿ ಕೊಟ್ಟ ಆದೇಶಕ್ಕೆ ಮಾತ್ರ ಈ ಅಪೀಲು. ಸರ್ಕಾರವೇ ಒಪ್ಪಿದ ಟೆಂಡರಿಗೆ ಮೂವತ್ತೂ ಇಲ್ಲ, ಹತ್ತೂ ಇಲ್ಲ. ಸೀದಾ ಹೈಕೋರ್ಟಿಗೆ ರಿಟ್ ಹಾಕಬೇಕು.

ನನ್ನ ದೊಡ್ಡ ತಕರಾರು ಇವೆರಡೂ ಅಲ್ಲ. ಅಪೀಲು ಹಾಕಿದರೆ ಕೆಲಸ ನಿಲ್ಲುತ್ತೆ ಅಂತ 16ನೇ ಸೆಕ್ಷನ್ ಎಲ್ಲೂ ಹೇಳಲ್ಲ. ಒಂದು ರಸ್ತೆ ಕೆಲಸ ಅಂತಿಟ್ಟುಕೊಳ್ಳಿ. ಸೋತವರಿಗೆ ಸುದ್ದಿ ಹತ್ತನೇ ದಿನ ತಿಳಿಯಿತು. ಕಾಗದ ಕೂಡಿಸಿ ಇಪ್ಪತ್ತೆಂಟನೇ ದಿನ ಅಪೀಲು ಹಾಕಿದರು, ಗಡುವಿನ ಒಳಗೇ. ಅಷ್ಟರಲ್ಲಿ ಕರಾರಿಗೆ ಸಹಿ ಬಿದ್ದು ಜೆಸಿಬಿ ಬಂದು ನಿಂತಿರುತ್ತೆ. ವಿಚಾರಣೆ ಮುಗಿಯುವಾಗ ಜಲ್ಲಿ ಹಾಸಿ ಆಗಿರುತ್ತೆ. ಆಮೇಲೆ ಕೋರ್ಟಿಗೆ ಹೋದರೆ? ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಸೇರಿಸಿದ 20ಎ ಸೆಕ್ಷನ್ ಮೂಲಸೌಕರ್ಯದ ಕೆಲಸ ತಡವಾಗುವಂಥ ತಡೆಯಾಜ್ಞೆ ಕೊಡಬೇಡಿ ಅನ್ನುತ್ತೆ. ಟೆಂಡರ್ ವ್ಯಾಜ್ಯಗಳಲ್ಲಿ ತಡೆ ಕೊಡೋಕೆ ಹಿಂಜರಿಯಿರಿ, ತಪ್ಪಾಗಿದ್ದರೆ ನಷ್ಟಪರಿಹಾರದ ದಾರಿ ನೋಡಿ ಅಂತ ಸುಪ್ರೀಂ ಕೋರ್ಟ್ ಕೂಡ 2022ರಲ್ಲಿ ಎನ್.ಜಿ. ಪ್ರಾಜೆಕ್ಟ್ಸ್ ಕೇಸಿನಲ್ಲಿ ಹೇಳಿತು. ರಸ್ತೆ ವರ್ಷಗಟ್ಟಲೆ ಅಗೆದಂತೆ ಬಿದ್ದಿರೋದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತೆ. ಆದರೆ ಅದೇ ಕಾರಣಕ್ಕೆ, ಸಹಿ ಬೀಳೋ ಮುಂಚಿನ ಕೆಲವೇ ದಿನಗಳಲ್ಲಿ ಕೇಳಿದ್ದು ಮಾತ್ರ ಕೇಳಿದಂತೆ. ಸೋತ ಕಂಟ್ರಾಕ್ಟರ್ ಇನ್ನೊಂದು ಟೆಂಡರ್ ನೋಡ್ಕೋತಾರೆ. ರಸ್ತೆ ಕೆಟ್ಟದಾಗಿದ್ದರೆ ಆ ಊರಿನವರು ಅದರಲ್ಲೇ ಓಡಾಡಬೇಕು.

ಯುರೋಪು ಇದಕ್ಕೆ 2007ರ ಡೈರೆಕ್ಟಿವ್‌ನಲ್ಲಿ ಸರಳ ಉಪಾಯ ಮಾಡಿತು. ಫಲಿತಾಂಶವನ್ನು ಸೋತವರಿಗೆ ಕಾರಣ ಸಮೇತ ಕಳಿಸು, ಇಮೇಲ್ ಆದರೆ ಕನಿಷ್ಠ ಹತ್ತು ದಿನ ಕಾಯಿ, ಆಮೇಲೆ ಸಹಿ ಹಾಕು. ಬ್ರಿಟನ್ನಿನ ಹೊಸ ಕಾಯ್ದೆಯಲ್ಲಿ ಇದು ಎಂಟು ಕೆಲಸದ ದಿನ. ನಮ್ಮ ಮೂವತ್ತಕ್ಕಿಂತ ಎಷ್ಟೋ ಕಮ್ಮಿ, ಆದರೆ ಆ ದಿನಗಳಲ್ಲಿ ಸರ್ಕಾರವೂ ಸುಮ್ಮನೆ ಕೂತಿರುತ್ತೆ. ನನಗೆ ಕೇಳಿದರೆ ಆ ಎಂಟೇ ವಾಸಿ.

ಮಲೇಷ್ಯಾದಲ್ಲಿ ಹೈಕೋರ್ಟಿನ ದಾರಿ ಮೊದಲಿಂದಲೂ ಇದೆ. 2012ರ ಕೋರ್ಟ್ ನಿಯಮಗಳ 53ನೇ ಆರ್ಡರ್ ಪ್ರಕಾರ ತಡಮಾಡದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಆ ಮೂರು ತಿಂಗಳು ಶುರುವಾಗೋದು ಕಾರಣ ಮೊದಲು ಹುಟ್ಟಿದ ದಿನದಿಂದ, ಅಥವಾ ತೀರ್ಮಾನವನ್ನು ಅರ್ಜಿದಾರರಿಗೆ ಮೊದಲು ತಿಳಿಸಿದ ದಿನದಿಂದ. ನೋಡಿ, ಎರಡು ಗಡಿಯಾರಕ್ಕೂ ಇಲ್ಲಿ ಹೆಸರಿದೆ. ಹೊಸ ನ್ಯಾಯಮಂಡಳಿಯ ನಿಯಮ ಓದುವಾಗ ದಿನಗಳ ಸಂಖ್ಯೆ ಆಮೇಲೆ ನೋಡ್ತೀನಿ. ಮೊದಲು ಹುಡುಕೋದು ಎರಡು ಸಾಲು: ಸೋತವರಿಗೆ ಪತ್ರ ಯಾರು ಕಳಿಸಬೇಕು, ಮತ್ತು ಅದು ತಲುಪಿ ಎಷ್ಟು ದಿನದವರೆಗೆ ಕರಾರಿಗೆ ಸಹಿ ಹಾಕುವಂತಿಲ್ಲ.