ಹಾಲಿನ ಕಲಬೆರಕೆ ಮತ್ತು ಕಾನೂನಿನ ಕೈ

ಹಾಲಿಗೆ ನೀರು ಬೆರೆಸುವುದನ್ನು ನಾವು ಸಾಮಾನ್ಯವಾಗಿ ಶುದ್ಧಿ ಅಶುದ್ಧಿಗಳ ವಿಷಯವೆಂದು ಭಾವಿಸುತ್ತೇವೆ. ಶಾಸ್ತ್ರಕಾರರ ಎಣಿಕೆ ಬೇರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೊನೆಯದಾಗಿ ಪ್ರತಿರೂಪಕ ವ್ಯವಹಾರವನ್ನು ಹೆಸರಿಸಿದ್ದಾರೆ. ಅಸಲಿನಂತೆ ತೋರುವ ನಕಲನ್ನು ಅಸಲೆಂದು ಮಾರುವುದೇ ಅದು. ಆದುದರಿಂದ ಕಲಬೆರಕೆಯು ಕಳವಿನ ಸಾಲಿಗೆ ಸೇರಿದ ದೋಷ. ನಮ್ಮ ನಗರಗಳಲ್ಲಿ ಆಹಾರ ಕಾನೂನು ನಡೆಯುವ ರೀತಿಯನ್ನೂ ಈ ದೃಷ್ಟಿಯಿಂದಲೇ ಪರಿಶೀಲಿಸಬೇಕು: ಅದು ಯಾರನ್ನು ಹಿಡಿಯುತ್ತದೆ, ಎಷ್ಟು ಕಾಲಕ್ಕೆ ಹಿಡಿಯುತ್ತದೆ?

1954ರ ಆಹಾರ ಕಲಬೆರಕೆ ತಡೆ ಕಾಯಿದೆ ಕಠೋರವಾಗಿತ್ತು, ಆದರೆ ಕುಂಟುತ್ತಿತ್ತು. ಉತ್ತರ ಪ್ರದೇಶದ ಒಬ್ಬ ಹಾಲು ಮಾರುವವನಿಂದ 1995ರಲ್ಲಿ ತೆಗೆದ ಮಾದರಿಯಲ್ಲಿ ಕೊಬ್ಬನ್ನು ಬಿಟ್ಟು ಉಳಿದ ಘನಾಂಶ ಶೇ. 8.5 ಇರಬೇಕಾದಲ್ಲಿ ಶೇ. 7.7 ಇತ್ತು. ಅವನಿಗೆ ವಿಧಿಸಿದ ಸೆರೆವಾಸವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದುದು 2019ರಲ್ಲಿ. ನ್ಯಾಯಾಲಯ ಕಾನೂನಿನ ಅಕ್ಷರವನ್ನು ಪಾಲಿಸಿತು, ಅದರಲ್ಲಿ ತಪ್ಪಿಲ್ಲ. ಆದರೆ 24 ವರ್ಷಗಳ ಮೇಲೆ ಬರುವ ದಂಡನೆಯಿಂದ ಯಾವ ಹಾಲಿನವನು ಎಚ್ಚರಗೊಂಡಾನು?

2006ರಲ್ಲಿ ಅಂಗೀಕಾರವಾಗಿ 2011ರಲ್ಲಿ ಜಾರಿಗೆ ಬಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಕಳಪೆ ಆಹಾರವನ್ನೂ ಅಪಾಯಕಾರಿ ಆಹಾರವನ್ನೂ ಬೇರ್ಪಡಿಸಿತು. ಕಳಪೆಯಾದುದಕ್ಕೆ 5 ಲಕ್ಷ ರೂಪಾಯಿವರೆಗೆ ದಂಡ, ಸೆರೆವಾಸವಿರುವುದು ಅಪಾಯಕಾರಿಯಾದುದಕ್ಕೆ. ಇದನ್ನು ಮೃದುತನವೆಂದು ಆಕ್ಷೇಪಿಸುವವರುಂಟು. ನನಗಾದರೋ ಈ ಭೇದ ವಿವೇಕಯುತವೆಂದೇ ತೋರುತ್ತದೆ. ಕೊರತೆ ಇರುವುದು ಅನ್ವಯದಲ್ಲಿ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ 1,103 ನಗರ ಪಟ್ಟಣಗಳಿಂದ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಅಪಾಯವಾಗುವಂತಹ ಕಲಬೆರಕೆ ಕಂಡುಬಂದುದು 12ರಲ್ಲಿ ಮಾತ್ರ. ಆದರೆ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಮಿತಿ ಮೀರಿತ್ತು. ಬೂಸಲು ಹಿಡಿದ ಹಿಂಡಿ, ಮೇವುಗಳನ್ನು ತಿಂದ ಹಸುವಿನ ಹಾಲಿನಲ್ಲಿ ಇಳಿಯುವ ಈ ವಿಷ ಕಾಯಿಸಿದರೂ ಹೋಗದು. ಅದು ಹಸಿಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲಿಯೇ ಹೆಚ್ಚಾಗಿ ಕಂಡಿತೆಂಬುದು ಗಮನಾರ್ಹ. ಸೈಕಲ್ಲಿನ ಕ್ಯಾನಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟರೆ ನೀರು ಸಿಕ್ಕೀತು, ಈ ವಿಷ ಸಿಗದು. ಅದಕ್ಕೆ ಪ್ರಯೋಗಾಲಯ ಬೇಕು, ಮೇವಿನ ಗೋದಾಮಿನವರೆಗೂ ಹೋಗುವ ಅಧಿಕಾರಿ ಬೇಕು. ಬೀದಿಯ ಬಡವನನ್ನು ಹಿಡಿಯುವುದು ಸುಲಭ, ಅಷ್ಟೇ.

ಕೊಳ್ಳುವವರಾದ ನಾವೂ ಈ ವಿಮರ್ಶೆಯಿಂದ ಹೊರತಲ್ಲ. ಕದ್ದ ವಸ್ತುವನ್ನು ಕೊಳ್ಳುವ ತದಾಹೃತಾದಾನವೂ ಅದೇ ಸೂತ್ರದ ಅತಿಚಾರವಾಗಿದೆ. ಬಸದಿಯ ಅಭಿಷೇಕಕ್ಕೆ ಹಾಲನ್ನೂ ಪಾಕಶಾಲೆಗೆ ತುಪ್ಪವನ್ನೂ ಎಲ್ಲರಿಗಿಂತ ಕಡಿಮೆ ದರ ಹೇಳಿದವನಿಂದಲೇ ತರಿಸುವ ಟ್ರಸ್ಟು, ಆ ದರಕ್ಕೆ ಅಸಲು ಹೇಗೆ ಗಿಟ್ಟೀತೆಂದು ಕೇಳದಿದ್ದರೆ, ಈ ಅತಿಚಾರದ ಹೊಸ್ತಿಲಲ್ಲಿಯೇ ನಿಂತಂತೆ. ಮಡಿಯಿಂದ ತಂದೆವು, ಶೋಧಿಸಿದೆವು ಎಂಬುದು ಇದಕ್ಕೆ ಉತ್ತರವಾಗದು.

ಕಾಯಿದೆಯ 40ನೆಯ ಕಲಮಿನಂತೆ, ಕೊಳ್ಳುವ ಯಾರೇ ಆಗಲಿ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಮಾರುವವನಿಗೆ ಆ ಉದ್ದೇಶವನ್ನು ತಿಳಿಸಬೇಕು. ದೋಷ ಕಂಡರೆ ಶುಲ್ಕ ಹಿಂದಿರುಗುತ್ತದೆ. ಟ್ರಸ್ಟುಗಳ ವಾರ್ಷಿಕ ಲೆಕ್ಕಪತ್ರದಲ್ಲಿ ಹೂವು, ಎಣ್ಣೆ, ದೀಪಗಳ ಖರ್ಚಿನ ಕೆಳಗೆ ಈ ಶುಲ್ಕಕ್ಕೂ ಒಂದು ಸಾಲನ್ನು ತೆರೆಯಬಹುದಾಗಿದೆ.