ಹಿಂಡಿನ ಎದುರು ನಿಲ್ಲುವ ಬಗೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಗಲ್ಫಿನ ದಾರಿ ಹಳತು. ಈಗ ಇನ್ನೊಂದು ದಾರಿ ತೆರೆದಿದೆ. ಒಂದು ವರ್ಷ ಆಸ್ಟ್ರೇಲಿಯಾ ಸುತ್ತುತ್ತ, ನಡುನಡುವೆ ದುಡಿದು ಖರ್ಚು ಹೊಂದಿಸಿಕೊಳ್ಳುವ ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾಕ್ಕೆ 2024ರ ಅಕ್ಟೋಬರಿನಿಂದ 18ರಿಂದ 30 ವರ್ಷದ ಭಾರತೀಯರೂ ಹೆಸರು ಕೊಡಬಹುದು. ಮೊದಲ ವರ್ಷ ಇದ್ದದ್ದು 1000 ಜಾಗ, ಬಂದದ್ದು 40 ಸಾವಿರಕ್ಕೂ ಹೆಚ್ಚು ಅರ್ಜಿ. ಆಯ್ಕೆ ಚೀಟಿ ಎತ್ತಿ. ಹಾಗೆ ಹೋದವರಿಗೆ ಸಿಗಬಹುದಾದ ಕೆಲಸಗಳಲ್ಲಿ ಒಳನಾಡಿನ ದನದ ಸ್ಟೇಷನ್ನಿನ, ಅಂದರೆ ದನ ಸಾಕುವ ವಿಶಾಲ ಬಯಲಿನ ಕೆಲಸಕ್ಕೆ ಸಾಟಿಯಿಲ್ಲ.

ದಕ್ಷಿಣ ಆಸ್ಟ್ರೇಲಿಯಾದ ಆ್ಯನಾ ಕ್ರೀಕ್ ಸ್ಟೇಷನ್ನಿನ ವಿಸ್ತಾರ 15 ಸಾವಿರ ಚದರ ಕಿ.ಮೀ. ದಾಟುತ್ತದೆ. ಇಡೀ ಉತ್ತರ ಕನ್ನಡ ಜಿಲ್ಲೆ 10 ಸಾವಿರ ಚಿಲ್ಲರೆ. ಇಂಥ ಬಯಲಿನಲ್ಲಿ ಹೊಸಬರ ಪಾಲಿಗೆ ಸಾಮಾನ್ಯವಾಗಿ ಮೊದಲು ಬರುವುದು ಬೇಲಿ ಮತ್ತು ನೀರು. ಜೀಪಿನಲ್ಲಿ ಬೋರ್‌ವೆಲ್‌ನಿಂದ ಬೋರ್‌ವೆಲ್‌ಗೆ ಹೋಗಿ ಪಂಪು ನಡೆಯುತ್ತಿದೆಯೇ, ತೊಟ್ಟಿಯ ಫ್ಲೋಟ್ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಬೇಸಿಗೆಯಲ್ಲಿ ತೊಟ್ಟಿ ಬತ್ತಿದರೆ ಹಿಂಡೇ ಉಳಿಯುವುದಿಲ್ಲ.

ಆದರೆ ನಿಜವಾದ ವಿದ್ಯೆ ಇರುವುದು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಇದನ್ನು ಚಿತ್ರ ಬರೆದು ವಿವರಿಸಿದ್ದಾರೆ. ಪ್ರತಿ ದನದ ಸುತ್ತ ಕಾಣದ ಗೆರೆಯೊಂದಿದೆ. ಮನುಷ್ಯ ಅದರೊಳಗೆ ಕಾಲಿಟ್ಟರೆ ದನ ಕದಲುತ್ತದೆ, ಹೊರಗೆ ಸರಿದರೆ ನಿಲ್ಲುತ್ತದೆ. ಭುಜದ ನೇರಕ್ಕೆ ಇನ್ನೊಂದು ಗೆರೆ. ಅದರ ಹಿಂಬದಿಯಿಂದ ಹತ್ತಿರವಾದರೆ ದನ ಮುಂದಕ್ಕೆ ನಡೆಯುತ್ತದೆ, ಮುಖದ ಕಡೆಯಿಂದ ಬಂದರೆ ಹಿಂಜರಿಯುತ್ತದೆ. ಸರಿಯಾಗಿ ಬಾಲದ ಹಿಂದೆ ನಿಂತವರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬೈಕಿನಲ್ಲಿ, ಹೆಲಿಕಾಪ್ಟರಿನಲ್ಲಿ ಹಿಂಡು ಅಟ್ಟುವವರೂ ನಡೆಯುವುದು ಇದೇ ಲೆಕ್ಕದಲ್ಲಿ.

ಇದನ್ನು ಕಲಿಯಲು ಸಮುದ್ರ ದಾಟಬೇಕಿಲ್ಲ. ಮೈಸೂರು ಒಡೆಯರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಋತು ನೋಡಿ ಹಿಂಡುಗಳನ್ನು ಕಾವಲಿನಿಂದ ಕಾವಲಿಗೆ ಹೊಡೆಯುತ್ತಿದ್ದರು. ಅದೇ ಹೆಸರಿನ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿ ಈಗಲೂ ಇದೆ. ಅಮೃತ ಮಹಲ್ ರಾಸುಗಳು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ, ಅವುಗಳ ಗೆರೆ ಬಹಳ ದೂರಕ್ಕಿದೆ.

ಕರಾವಳಿಯ ಮಲೆನಾಡು ಗಿಡ್ಡದ ಎತ್ತರ ಒಂದು ಮೀಟರಿಗೂ ಕಡಿಮೆ. ಬೆಳಿಗ್ಗೆ ಬಿಟ್ಟರೆ ಬೇಣ, ಕಾಡು ಸುತ್ತಿ ಸಂಜೆ ತಾನಾಗಿ ಕೊಟ್ಟಿಗೆಗೆ ಬರುವ ದನ ಅದು. ಹಟ್ಟಿ ಬಾಚುವುದು, ಹುಲ್ಲು ಹಾಕುವುದು, ಅಕ್ಕಚ್ಚು ಕೊಡುವುದು ಕೈಗೆ ಹತ್ತಿದವರಿಗೆ ದನದ ಕಿವಿ ಯಾವ ಕಡೆ ತಿರುಗಿತು ಎಂಬುದು ತಿಳಿಯುತ್ತದೆ. ಮನೆಯಲ್ಲಿ ದನ ಇಲ್ಲದವರು ಕುಮಟಾದ ಹೊಸಾಡಿನಲ್ಲಿರುವ ರಾಮಚಂದ್ರಾಪುರ ಮಠದ ಅಮೃತಧಾರಾ ಗೋಶಾಲೆಗೆ ಹೋಗಿ ದೇಸಿ ಹಿಂಡನ್ನು ಹತ್ತಿರದಿಂದ ನೋಡಬಹುದು.

ಕಾಲವೂ ಹೊಂದಿಬರುತ್ತದೆ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ, ದನ ಒಟ್ಟುಮಾಡುವ ಕೆಲಸ ಅದರ ನಂತರದ ಒಣ ತಿಂಗಳುಗಳಲ್ಲಿ. ಇಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆಗೆ ದನ ಬಿಟ್ಟಾಗಿನಿಂದ ಮುಂಗಾರಿನವರೆಗೆ ತಾಲೀಮಿಗೆ ಬೇಕಾದಷ್ಟು ದಿನಗಳಿವೆ.