ಗುತ್ತಿಯ ಹಿಂದೆ ನಡೆಯುವುದು

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ನಾನು ಎರಡು ಸಲ ಕೈಬಿಟ್ಟೆ. ಮೊದಲ ಸಲ ಪಿಯುಸಿಯಲ್ಲಿ, ಎರಡನೇ ಸಲ ಬಿ.ಎ.ಯಲ್ಲಿ. ಎರಡು ಸಲವೂ ಮೂವತ್ತು ನಲವತ್ತು ಪುಟಕ್ಕೇ ಸುಸ್ತು. ಕಾಡು, ಗುಡ್ಡ, ಒಬ್ಬ ಆಳು, ಒಂದು ನಾಯಿ. ಕತೆ ಎಲ್ಲಪ್ಪಾ ಅಂತ ಪುಟ ತಿರುವಿದರೆ ಮತ್ತೆ ಕಾಡು. ಏಳುನೂರು ಪುಟದ ಆಸುಪಾಸಿನ ಆ ದಪ್ಪ ಪುಸ್ತಕವನ್ನು ಲೈಬ್ರರಿಗೆ ವಾಪಸ್ ಕೊಡುವಾಗ ನನ್ನ ಹತ್ತಿರ ಒಂದು ಉತ್ತರ ಸಿದ್ಧವಾಗಿತ್ತು: ಇದು ಹೊಟ್ಟೆ ತುಂಬಿದವರಿಗೆ ಬರೆದದ್ದು, ನಮಗಲ್ಲ.

ಗೆಳೆಯರೇ, ಆ ಉತ್ತರ ಅರ್ಧ ನಿಜ. ನಮ್ಮ ಕೆ.ಆರ್.ನಗರದ ಸುತ್ತ ಕಾವೇರಿ ನಾಲೆಯ ನೀರಿಗೆ ಭತ್ತದ ಬಯಲು ಹಸಿರಾಗಿದೆ. ಆ ಬಯಲಲ್ಲಿ ನಮ್ಮವ್ವ ಇನ್ನೊಬ್ಬರ ಗದ್ದೆಗೆ ನಾಟಿ ಹಾಕಿ ಬರುತ್ತಾಳೆ. ರಜೆ ಇದ್ದರೆ ನಾನೂ ಹೋಗುತ್ತೇನೆ. ಸಂಜೆ ಸೊಂಟ ನೆಟ್ಟಗಾಗುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ಬಿಡುವು ಕೂಡ ಒಂದು ಆಸ್ತಿ. ಭೂಮಿಯ ಹಾಗೆ ಅದೂ ನಮಗೆ ಹಂಚಿಕೆಯಾಗಿಲ್ಲ. ಆದ್ದರಿಂದ ನಿಧಾನವಾಗಿ ತೆರೆದುಕೊಳ್ಳುವ ಪುಸ್ತಕದ ಮೇಲೆ ನಮಗೆ ಅನುಮಾನ ಬರುವುದು ಸಹಜ.

ಆದರೆ ನಮ್ಮ ಜನಕ್ಕೆ ತಾಳ್ಮೆ ಇಲ್ಲ ಎಂಬ ಇನ್ನರ್ಧ ಶುದ್ಧ ಸುಳ್ಳು. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡಿದರೆ ಕೇರಿ ಬೆಳಗಿನತನಕ ಕೂತು ಕೇಳಿದೆ. ಊರಲ್ಲಿ ಕುರುಕ್ಷೇತ್ರ ಆಡಿದರೆ ಕರ್ಣ ಸಾಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಯಾರೂ 'ಶುರು ಬಹಳ ನಿಧಾನವಾಯ್ತು' ಎಂದು ಎದ್ದು ಹೋಗಲಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇದೇ ಕಾದಂಬರಿಯನ್ನು ಸುಮಾರು ಒಂಬತ್ತು ಗಂಟೆಯ ನಾಟಕವಾಗಿ ಆಡಿಸಿದರು. ಜನ ರಾತ್ರಿಯಿಡೀ ನೋಡಿದರು. ಹಾಗಾದರೆ ನನ್ನ ಅವಸರ ಎಲ್ಲಿಂದ ಬಂತು? ಪರೀಕ್ಷೆಯ ಗೈಡಿನಿಂದ ಬಂತು. ಪಾತ್ರಗಳು ಹತ್ತು, ಸಾರಾಂಶ ಎರಡು ಪುಟ, ಅಂಕ ಹದಿನೈದು. ಮೊದಲ ಸಲ ಕಾಲೇಜು ಕಂಡ ನಮ್ಮಂಥವರಿಗೆ ಅಕ್ಷರ ಸಿಕ್ಕಿದ್ದೇ ಈ ಅವಸರದ ಜೊತೆ.

ಮೂರನೇ ಸಲ ನಾನು ಅದನ್ನು ಓದಿದ್ದು ನನಗಾಗಿ ಅಲ್ಲ, ತಾತನಿಗಾಗಿ. ನಮ್ಮ ತಾತ ಚಿಕ್ಕಂದಿನಿಂದ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದವನು. 1976ರ ಜೀತ ವಿಮುಕ್ತಿ ಕಾಯಿದೆ ಬಂದ ಮೇಲೆ ಬಿಟ್ಟು ಬಂದವನು. ಓದು ಬಾರದು. ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಸುಮ್ಮನೆ ಕೂತಿದ್ದಾಗ, ಹೊತ್ತು ಹೋಗಲೆಂದು ಓದತೊಡಗಿದೆ. ನನಗೆ ಮೊದಲೇ ಬೇಸರ. ಕಾಡಿನ ವರ್ಣನೆಯ ಎರಡು ಮೂರು ಪುಟ ಹಾರಿಸಿಬಿಟ್ಟೆ. ತಾತ ಹಿಡಿದುಬಿಟ್ಟ.

'ತಡಿ ಮೊಗ, ಅವ್ನು ಇನ್ನೂ ಗುಡ್ಡನೇ ಹತ್ನಿಲ್ಲ. ಅಷ್ಟೊತ್ಗೇ ಊರ್ಗೆಂಗ್ ಬಂದ?'

ಹಿಂದಕ್ಕೆ ಹೋಗಿ ಓದಿದೆ. ಅಲ್ಲಿಂದ ಮುಂದೆ ಪುಟಪುಟಕ್ಕೂ ಪ್ರಶ್ನೆ. 'ಹೊಟ್ಟೆಗೇನ್ ಉಂಡಿದ್ನಂತೆ? ನಾಯಿಗೇನಾರ ಇಕ್ಕುದ್ನಾ? ಅವ್ನು ಓಯ್ತಿರೋದು ಯಾರ್ ಕೆಲ್ಸುಕ್ಕೆ, ಧಣಿದಾ, ಅವುಂದಾ?'

ಈ ಕೊನೆಯ ಪ್ರಶ್ನೆ ಯಾವ ವಿಚಾರ ಸಂಕಿರಣದಲ್ಲೂ ನಾನು ಕೇಳಿರಲಿಲ್ಲ. ಕಾದಂಬರಿಯ ಬಾಗಿಲು ತೆರೆಯುವುದೇ ಆ ಪ್ರಶ್ನೆಗೆ. ಗುತ್ತಿ ಸಿಂಬಾವಿ ಹೆಗ್ಗಡೆಯವರ ಜೀತದ ಹೊಲೆಯಾಳು. ಹುಲಿಯ ಎಂಬ ನಾಯಿ ಸದಾ ಜೊತೆಗಿರುವುದರಿಂದ ಅವನ ಹೆಸರೇ ನಾಯಿಗುತ್ತಿ. ಮೈ ಒಡೆಯನದು, ಕಾಲು ಒಡೆಯನದು. ಆದರೆ ಮನಸ್ಸಿನಲ್ಲಿರುವುದು ತಿಮ್ಮಿ. ಅವಳನ್ನು ಯಾರಿಗೆ ಕೊಡಬೇಕು ಎಂದು ತೀರ್ಮಾನ ಮಾಡುವವನು ಅವಳ ಕೇರಿಯ ಒಡೆಯ. ಆ ತೀರ್ಮಾನವನ್ನು ಮುರಿದು ಅವಳನ್ನು ಹಾರಿಸಿಕೊಂಡು ಹೋಗುವ ಆಸೆ ಇವನದು. ಜೀತದವನಿಗೆ ಸ್ವಂತ ಹೊತ್ತು ಅಂತ ಇರುವುದು ದಾರಿಯಲ್ಲಿ ನಡೆಯುವಾಗ ಮಾತ್ರ. ಆ ನಡಿಗೆಯನ್ನು ಮೂರು ಸಾಲಲ್ಲಿ ಮುಗಿಸಿದ್ದರೆ ಅವನಿಗಿದ್ದ ಅಷ್ಟು ಹೊತ್ತನ್ನೂ ಕಸಿದುಕೊಂಡ ಹಾಗೆ ಆಗುತ್ತಿತ್ತು. ನಾನು ನಿಧಾನ ಎಂದು ಬೈದದ್ದು ಇದನ್ನು.

ಇನ್ನೊಂದು ಮಾತು. 1936ರ 'ಕಾನೂರು ಹೆಗ್ಗಡಿತಿ' ಶುರುವಾಗುವುದು ಮೈಸೂರಿನಲ್ಲಿ ಓದುತ್ತಿದ್ದು ಊರಿಗೆ ಮರಳುವ ಗೌಡರ ಮನೆಯ ಹುಡುಗರಿಂದ. ಅದೇ ಮಲೆನಾಡು, ಅದೇ ಲೇಖಕರು. 31 ವರ್ಷದ ಮೇಲೆ, 1967ರಲ್ಲಿ, ಓದುಗರನ್ನು ಒಳಗೆ ಕರೆದುಕೊಂಡು ಹೋಗಲು ಅವರು ಆರಿಸಿಕೊಂಡದ್ದು ಓದು ಬಾರದ ಗುತ್ತಿಯನ್ನು. ಹೆಗ್ಗಡೆಯ ಮನೆಯ ಜಗುಲಿಯಲ್ಲಿ ಕೂತು ನಾವು ಆ ಲೋಕವನ್ನು ನೋಡುವುದಿಲ್ಲ. ಆಳಿನ ಬೆನ್ನ ಹಿಂದೆ ನಡೆದು, ಹೊರಗಿನಿಂದ ಆ ಮನೆಗಳ ಬಾಗಿಲಿಗೆ ಬರುತ್ತೇವೆ. ನಾನು ಎರಡು ಸಲ ಪುಸ್ತಕ ಮುಚ್ಚಿದಾಗ ಬಿಟ್ಟು ಬಂದದ್ದು ಕುವೆಂಪು ಅವರನ್ನಲ್ಲ, ಗುತ್ತಿಯನ್ನು. ನಮ್ಮ ತಾತನ ಪಾಡಿನವನನ್ನು.

ಹಾಗೆಂದು ದೊಡ್ಡ ಪುಸ್ತಕದ ಮುಂದೆ ಕೈಮುಗಿದು ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ನನಗೆ ತಕರಾರು ಇದೆ. ಆ ಕಾಡಿನ ಚೆಲುವನ್ನು ನೋಡುವ ಕಣ್ಣು ಬಹಳ ಕಡೆ ಕವಿಯದು, ಗುತ್ತಿಯದಲ್ಲ. ಆಳು ಏದುಸಿರು ಬಿಡುವ ಜಾಗದಲ್ಲಿ ಕವಿ ಮೈಮರೆಯುತ್ತಾರೆ. ಕೇರಿಯ ಜಗಳ, ಕುಡಿತ, ಕೊಳಕನ್ನು ಹೇಳುವಾಗ ಒಂದು ಮೇಲಿನ ನಗೆ ನುಸುಳುತ್ತದೆ. ಅದು ನನ್ನನ್ನು ಚುಚ್ಚಿದೆ. ಆದರೆ ಈ ತಕರಾರು ಹೇಳುವ ಹಕ್ಕು ನನಗೆ ಬಂದದ್ದು ಪೂರ್ತಿ ಓದಿದ ಮೇಲೆ. ಮೂವತ್ತನೇ ಪುಟದಲ್ಲಿ ನನ್ನ ಹತ್ತಿರ ಇದ್ದದ್ದು ತಕರಾರಲ್ಲ, ಆಕಳಿಕೆ.

1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆ ಒಂದು ಮಾತಿಗೆ ಮಂತ್ರಿ ಪದವಿ ಹೋಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆ ಮಾತು ನಮ್ಮ ಚಳವಳಿಗೆ ದನಿ ಕೊಟ್ಟಿತು. ಆದರೆ ನಮ್ಮಲ್ಲಿ ಕೆಲವರು ಈಗ ಅದನ್ನು ಓದದೇ ಇರುವುದಕ್ಕೆ ನೆವ ಮಾಡಿಕೊಂಡಿದ್ದೇವೆ. ಕಣದಲ್ಲಿ ದುಡಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ: ಕಾಳು ಯಾವುದು, ಹೊಟ್ಟು ಯಾವುದು ಎಂದು ತಿಳಿಯಬೇಕಾದರೆ ಮೊರ ಹಿಡಿದು ಕೇರಬೇಕು. ರಾಶಿಯನ್ನು ದೂರದಿಂದ ನೋಡಿ ಹೇಳಲಾಗದು.

ಇದೇ ನ್ಯಾಯ ಅತ್ತ ಕಡೆಯವರಿಗೂ ಅನ್ವಯ. ಮಲೆನಾಡಿನ ಏಳುನೂರು ಪುಟಕ್ಕೆ ತಾಳ್ಮೆ ಇರುವವರು, ದೇವನೂರ ಮಹಾದೇವರ ಪುಟ್ಟ 'ಕುಸುಮಬಾಲೆ'ಯನ್ನು ಭಾಷೆ ಅರ್ಥವಾಗದು ಎಂದು ಮುಚ್ಚಿಟ್ಟರೆ ಅದು ಸೋಮಾರಿತನವಲ್ಲ, ಜಾತಿ. ನಾವು ಗುತ್ತಿಯ ಹಿಂದೆ ಗುಡ್ಡ ಹತ್ತಿದ್ದೇವೆ. ಅವರೂ ನಮ್ಮ ಕೇರಿಯ ಮಾತಿಗೆ ಕಿವಿ ಕೊಟ್ಟು ಕೂರಲಿ.

ಹಳ್ಳಿಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಸಾರಾಂಶ ಬರೆಸಬೇಡಿ. ದಿನಕ್ಕೆ ಹತ್ತು ಪುಟ ಗಟ್ಟಿಯಾಗಿ ಓದಿಸಿ, ಎಪ್ಪತ್ತು ದಿನಕ್ಕೆ ಮುಗಿಯುತ್ತದೆ. ಕೇರಿಯ ಅಂಬೇಡ್ಕರ್ ಭವನದಲ್ಲಿ ಓದಿಸಿ. ಓದು ಬಾರದ ಹಿರಿಯರನ್ನು ಮುಂದೆ ಕೂರಿಸಿ, ಅವರು ಅಡ್ಡ ಮಾತಾಡಿದರೆ ತಡೆಯಬೇಡಿ.

ನಾವು ಮುಗಿಸಿದ್ದು ಮೂರು ತಿಂಗಳಿಗೆ. ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋದ. ಪುಸ್ತಕ ಮುಚ್ಚಿದೆ. ತಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: 'ಬರ್ದೋರು ಆ ನಾಯಿನೂ ಒಂದ್ ದಡ ಸೇರಿಸ್ಬೋದಿತ್ತಲ್ಲ ಮೊಗ?'

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಹಾಗೇ ನಿಮ್ಮ ಮುಂದೆ ಇಟ್ಟಿದ್ದೇನೆ.